ಕಾರಣ: ಕೋಷ್ಟಕದಲ್ಲಿಲ್ಲ

ಸೇಶಾಸ್ ಸಾಹೇಬರು ಹೋಗುತ್ತ ಹೋಗುತ್ತ ಹೇಳಿದ್ದು ಇಷ್ಟೇ:
"ಶುಕ್ರವಾರದೊಳಗೆ ಗೊತ್ತಾಗಬೇಕು
ಈ ಹೆಂಗಸರು ಇಷ್ಟೊಂದು ರಜೆ ಯಾಕೆ ಹಾಕುತ್ತಾರೆಂದು.
ಕೃತಕ ಬುದ್ಧಿ ತಂದಿದ್ದೇವಲ್ಲ, ಅದನ್ನು ಕೇಳು.
ಮಾತಾಡಿದರೆ ಸಾಕಂತೆ."

ಮಾತಾಡಿದೆ.
ಆರೋಸ ಕೊಲ್ಲಿಯ ಮೇಲೆ ಇನ್ನೂ ಬೆಳಕು ಹರಿದಿರಲಿಲ್ಲ,
ಕೆಳಗೆ ಬೇಯುವ ಚಿಪ್ಪಿನ ಹಬೆ ಮೆಟ್ಟಿಲು ಹತ್ತಿ ಬಂದು
ನನ್ನ ಕೋಣೆಯ ಗಾಜಿಗೆ ಮುಖ ಒತ್ತಿತ್ತು.
ಮುನ್ನೂರ ಹನ್ನೆರಡು ಸಾಲು, ನಲವತ್ತು ಅಂಕಣ,
ಹೆಸರು, ಹುಟ್ಟಿದ ದಿನ, ಪಾಳಿ, ಕೂಲಿ, ಗೈರು,
ಎಲ್ಲವನ್ನೂ ಅದರ ಮುಂದೆ ಸುರಿದು
ಬೆರಳು ಒರೆಸಿಕೊಂಡು ಟೈಪು ಮಾಡಿದೆ:

ಅತಿ ಹೆಚ್ಚು ಗೈರು ಯಾವ ವಿಭಾಗ?

ಚಿಪ್ಪು ಬಿಡಿಸುವ ಎರಡನೇ ಸಾಲು, ಅಂದಿತು,
ನಾನು ಉಸಿರು ಬಿಡುವಷ್ಟರಲ್ಲಿ.

ಯಾವ ವಾರ? ವಾರ ಅಂತೇನಿಲ್ಲ.
ಚಳಿಗೋ? ಅದೂ ಅಲ್ಲ.
ಮಕ್ಕಳ ಪರೀಕ್ಷೆ? ದ್ರಾಕ್ಷಿ ಕೊಯ್ಲು?
ಇಲ್ಲ, ಕ್ಷಮಿಸಿ, ಇಲ್ಲ. ಎಷ್ಟು ವಿನಯ ಅದಕ್ಕೆ,
ಕೊಳ್ಳುವವಳಲ್ಲ ಎಂದು ಗೊತ್ತಿದ್ದೂ
ಜೋಡಿನ ಮೇಲೆ ಜೋಡು ತೆಗೆದು ತೋರಿಸುವ
ಚಪ್ಪಲಿ ಅಂಗಡಿಯ ಹುಡುಗನ ಹಾಗೆ.

ಆಮೇಲೆ ತಾನಾಗಿ ಒಂದು ಗೆರೆ ಎಳೆಯಿತು.
ಏಳುತ್ತ, ಬೀಳುತ್ತ, ಏಳುತ್ತ.
"ಹದಿನಾಲ್ಕು ಹದಿನೈದು ದಿನಕ್ಕೊಮ್ಮೆ ಗೈರು ಏರುತ್ತದೆ,
ಮೂರು ದಿನ ನಿಂತು ಇಳಿಯುತ್ತದೆ.
ಬರೆಸಿದ ಕಾರಣ: ಜ್ವರ, ಬೆನ್ನು, ಹಲ್ಲು ನೋವು.
ಈ ಏರಿಳಿತದ ಕಾರಣ: ಕೋಷ್ಟಕದಲ್ಲಿಲ್ಲ."

ನಕ್ಕುಬಿಟ್ಟೆ. ನಗು ಅರ್ಧಕ್ಕೇ ನಿಂತಿತು.

ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ಬರುವ ಜ್ವರ!
ನನ್ನ ಬೆನ್ನ ಹಿಂದಿನ ಗೋಡೆಯಲ್ಲೇ ತೂಗುತ್ತಿದೆ
ಮೀನುಗಾರರ ಸಂಘದ ಕ್ಯಾಲೆಂಡರು,
ದಿನಕ್ಕೆ ನಾಲ್ಕು ಅಂಕಿ, ಉಬ್ಬರ, ಇಳಿತ.
ಚಂದ್ರ ತುಂಬಿದಾಗ, ಚಂದ್ರ ಇಲ್ಲವಾದಾಗ
ಸಮುದ್ರ ದೂರ, ತೀರ ದೂರ ಹಿಂದೆ ಸರಿದು
ಬರಿಮೈ ಮರಳು ತೋರಿಸುತ್ತದೆ ಬೆಳಗಿನ ಹೊತ್ತು.
ಆಗ ಸಬೇಲ, ದೋರಿಂದ, ಮುದುಕಿ ಎರ್ಮಿತಾಸ್
ಮಂಡಿಮಟ್ಟ ನೀರಲ್ಲಿ, ಸೊಂಟಕ್ಕೆ ಬುಟ್ಟಿ ಬಿಗಿದು
ಕುಂಟೆ ಎಳೆಯುತ್ತಾರೆ.
ನಮ್ಮ ಡಬ್ಬಿಯವಕ್ಕಿಂತ ದಪ್ಪನೆಯ, ಜೀವವಿರುವ ಚಿಪ್ಪು,
ಕಿಲೊಗೆ ಇಲ್ಲಿನ ಎರಡು ಗಂಟೆಯ ಕೂಲಿ.
ನನ್ನಮ್ಮನ ಕುಂಟೆ ಈಗಲೂ ಮನೆಯ ಬಾಗಿಲ ಹಿಂದಿದೆ,
ಒಂದು ಹಲ್ಲು ಮುರಿದದ್ದು.
ಅವಳೂ ಹಲ್ಲು ನೋವು ಅಂತಲೇ ಬರೆಸುತ್ತಿದ್ದಳು.
ಪೂರಾ ಸುಳ್ಳೇನಲ್ಲ.

ಈಗ ಆ ಕ್ಯಾಲೆಂಡರಿನ ಅಂಕಿಗಳನ್ನು
ಇದಕ್ಕೆ ಉಣಿಸಿದರೆ ಮುಗಿಯಿತು.
ಹೇಳಿಬಿಡುತ್ತದೆ.
ಅದಕ್ಕೆ ಯಾರ ಮೇಲೂ ಹಗೆಯಿಲ್ಲ, ನನಗೆ ಭಯ ಅದೇ.
ಸೇಶಾಸರ ಮೇಜಿನ ಮೇಲೆ ಮೂವತ್ತೇಳು ಹೆಸರು.
ಹೇಳಿಸದಿದ್ದರೆ?
ಖಾಲಿ ಬಿಟ್ಟ ಚೌಕದಲ್ಲಿ ಅವರು
ತಮಗೆ ತೋಚಿದ್ದನ್ನು ತುಂಬುತ್ತಾರೆ: ಮೈಗಳ್ಳಿಯರು.

ಕರ್ಸರ್ ಮಿಣುಕುತ್ತಿತ್ತು, ಕಾಲು ಕುಟ್ಟುವ ಗಿರಾಕಿ.
ಬರೆದೆ. ಅಳಿಸಿದೆ. ಕಾಫಿ ಆರಿತು.
ಕೆಳಗೆ ಯಾರೋ ಎರ್ಮಿತಾಸಳನ್ನು ಕೂಗಿದರು,
ಓಗೊಡಲಿಲ್ಲ.
ಇವತ್ತು ಅಮಾವಾಸ್ಯೆಯ ಮರುದಿನ.

ಮೊದಲು ಹೆಸರಿನ ಅಂಕಣವನ್ನೇ ಕಿತ್ತುಹಾಕಿದೆ,
ಮಗುವಿನ ತುತ್ತಿಗೆ ಮೀನಿನ ಮುಳ್ಳು ತೆಗೆವ ಹಾಗೆ,
ಒಂದೂ ಉಳಿಯದಂತೆ, ಬೆರಳಾಡಿಸಿ ನೋಡಿ.
ಆಮೇಲೆ ಕೇಳಿದೆ:
ಈ ಮೂರು ಮೂರು ದಿನಗಳಲ್ಲಿ ಪಾಳಿ
ಮಧ್ಯಾಹ್ನ ಎರಡಕ್ಕೆ ಶುರುವಾದರೆ ಏನು ನಷ್ಟ?

ಯೋಚಿಸಿತೋ, ಯೋಚಿಸಿದಂತೆ ನಟಿಸಿತೋ.
"ಹೇಳುವಂಥ ನಷ್ಟ ಕಾಣುವುದಿಲ್ಲ.
ಗೈರಾದವರು ಬಂದರೆ ವರ್ಷಕ್ಕೆ ಒಂಬತ್ತು ಸಾವಿರ ಡಬ್ಬಿ ಲಾಭ.
ಬರುತ್ತಾರೆಯೇ ಎಂಬುದು ಊಹೆ.
ಎರಡು ಗಂಟೆಯೇ ಯಾಕೆಂದು ತಿಳಿಸಿದರೆ
ಇನ್ನೂ ನಿಖರವಾಗಿ ಹೇಳಬಲ್ಲೆ."

ಎದ್ದು ಗಾಜಿನ ಹಬೆ ಒರೆಸಿದೆ.
ಬೆಳಕಾಗಿತ್ತು. ನೀರು ಬಿಟ್ಟುಕೊಟ್ಟ ಮರಳಿನಲ್ಲಿ
ಬಾಗಿದ ಬೆನ್ನುಗಳು, ಹಳದಿ ಕೋಟು, ಕೆಂಪು ಬಕೆಟ್ಟು.
ಎಣಿಸಬಹುದಿತ್ತು.

ಬಂದು ಕೂತೆ. ಅದು ಕಾಯುತ್ತಿತ್ತು.
ಟೈಪು ಮಾಡಿದೆ:
ಹಲ್ಲು ನೋವು.